ತಿಳಿದವನು ಮಾತಾಡಲಿ

ಗೋವಾದಲ್ಲಿ ದೇವಾಲಯವಿದ್ದಲ್ಲಿ ಹತ್ತಿರದಲ್ಲೇ ಒಂದು ಮೈದಾನವಿರುತ್ತದೆ, ಮೈದಾನವಿದ್ದಲ್ಲಿ ಚೆಂಡಿರುತ್ತದೆ. 1883ರಲ್ಲಿ ಆರೋಗ್ಯ ಸುಧಾರಣೆಗೆಂದು ಸಿಯೋಲಿಮ್‌ಗೆ ಬಂದ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಗುರುಗಳೇ ಇಲ್ಲಿಯ ಹುಡುಗರಿಗೆ ಫುಟ್‌ಬಾಲ್ ಕಲಿಸಿದರೆಂದು ಹೇಳುತ್ತಾರೆ. 2012ರಲ್ಲಿ ಸರ್ಕಾರವೂ ಅದನ್ನು ಗೋವಾದ ರಾಜ್ಯಕ್ರೀಡೆ ಎಂದು ಘೋಷಿಸಿತು. ಕೆಲಸ ಹುಡುಕಿಕೊಂಡು ವಾಸ್ಕೊ, ಮಡಗಾವಿಗೆ ಬಂದು ನೆಲೆಸಿದ ನಮ್ಮ ಕನ್ನಡ ಮನೆಗಳ ಮಕ್ಕಳೂ ಇಂದು ಅದೇ ಚೆಂಡಿನ ಹಿಂದೆ ಓಡುತ್ತಿದ್ದಾರೆ. ಹಬ್ಬದ ಪಂದ್ಯಾಟಗಳಲ್ಲಿ ಎತ್ತರಕ್ಕೆ ನೆಗೆದು ತಲೆಯಿಂದ ಚೆಂಡು ಹೊಡೆದವನಿಗೆ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ. ಆ ತಲೆಯೊಳಗೆ ಏನಾಗುತ್ತದೆಂದು ನಾವು ಯಾರೂ ಕೇಳುವುದಿಲ್ಲ. ಅದನ್ನು ಕೇಳಿದ ಒಬ್ಬ ಕಥೋಲಿಕ ವೈದ್ಯರ ವಿಷಯ ಈ ಸಲ ಹೇಳಬೇಕೆನಿಸಿತು.

ಅವರ ಹೆಸರು ಡಾ. ಬೆನೆಟ್ ಒಮಲು. ಹುಟ್ಟಿದ್ದು 1968ರಲ್ಲಿ, ಆಫ್ರಿಕಾದ ನೈಜೀರಿಯಾದಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದ ಕಾಲದಲ್ಲಿ. ಏಳು ಮಕ್ಕಳಲ್ಲಿ ಆರನೆಯವರು. ಹದಿನಾರನೆಯ ವಯಸ್ಸಿಗೇ ವೈದ್ಯಕೀಯ ಕಾಲೇಜು ಸೇರಿದ ಅವರು 1994ರಲ್ಲಿ ಅಮೆರಿಕಕ್ಕೆ ಹೋದರು. ಮಿದುಳಿನ ರೋಗಗಳನ್ನು ಪರೀಕ್ಷಿಸುವ ತಜ್ಞರಾಗಿ ಪಿಟ್ಸ್‌ಬರ್ಗ್ ನಗರದಲ್ಲಿ ಶವಪರೀಕ್ಷೆಯ ಕೆಲಸಕ್ಕೆ ಸೇರಿದರು. ಅವರ ಮನೆತನದ ಪೂರ್ತಿ ಹೆಸರು ಒನ್ಯೆಮಲುಕ್ವುಬೆ. ಇಗ್ಬೊ ಭಾಷೆಯಲ್ಲಿ ಅದರ ಅರ್ಥ, ‘ತಿಳಿದವನು ಮಾತಾಡಲಿ’.

2002ರ ಸೆಪ್ಟೆಂಬರ್‌ನಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಪ್ರಸಿದ್ಧ ಆಟಗಾರರ ಶರೀರ ಅವರ ಮುಂದೆ ಬಂತು. ವಯಸ್ಸು 50. ಸಾವಿನ ಕಾರಣ ಹೃದಯಾಘಾತ. ಅಮೆರಿಕನ್ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಅದರಲ್ಲಿ ಶಿರಸ್ತ್ರಾಣ ಧರಿಸಿ ಎದುರಾಳಿಗೆ ಡಿಕ್ಕಿ ಹೊಡೆಯುವುದೂ ಆಟದ ಒಂದು ಭಾಗ. ವೆಬ್‌ಸ್ಟರ್ 17 ವರ್ಷ ಹೀಗೆ ಡಿಕ್ಕಿ ಹೊಡೆದವರು. ನಾಲ್ಕು ಸಲ ದೇಶದ ಚಾಂಪಿಯನ್ ತಂಡದಲ್ಲಿದ್ದವರು. ಆದರೆ ಆಟ ಬಿಟ್ಟ ಮೇಲೆ ಅವರ ಬದುಕು ದಿಕ್ಕುತಪ್ಪಿತು. ಮರೆವು, ಸಿಟ್ಟು, ಗೊಂದಲ. ಗಳಿಸಿದ ಹಣ ಹೋಯಿತು, ಸಂಸಾರ ಮುರಿಯಿತು, ತಮ್ಮ ಟ್ರಕ್ಕಿನಲ್ಲೇ ಮಲಗುವ ಸ್ಥಿತಿ ಬಂತು. ‘ಎಂಥವನು ಹೇಗಾದ ನೋಡಿ’ ಎಂದು ಜನ ಆಡಿಕೊಂಡರು.

ಡಾ. ಒಮಲು ಅವರಿಗೆ ಆ ಆಟದ ಗಂಧವೂ ಇರಲಿಲ್ಲ. ಹೃದಯಾಘಾತವೆಂದು ಬರೆದು ಕಡತ ಮುಚ್ಚಬಹುದಿತ್ತು. ಮಿದುಳು ಹೊರನೋಟಕ್ಕೆ ಸರಿಯಾಗಿಯೇ ಇತ್ತು. ಆದರೂ ಸತ್ತವನಿಗೆ ನ್ಯಾಯ ಸಿಗಬೇಕೆಂಬ ಛಲದಿಂದ ಅದನ್ನು ಕಾಪಿಟ್ಟು, ತೆಳುವಾದ ಪದರುಗಳಾಗಿ ಕತ್ತರಿಸಿ, ಸ್ವಂತ ಹಣದಿಂದ ಪರೀಕ್ಷೆ ಮಾಡಿಸಿದರು. ಸೂಕ್ಷ್ಮದರ್ಶಕದಡಿ ರೋಗ ಕಂಡಿತು. ‘ಟಾವ್’ ಎಂಬ ಪ್ರೊಟೀನು ನರಕೋಶಗಳಿಗೆ ಆಸರೆಯಾಗಿರುವಂಥದು. ಪೆಟ್ಟುಗಳಿಂದ ಅದು ಕಳಚಿಕೊಂಡು ಗಂಟುಗಟ್ಟಿತ್ತು. ಹೀಗೆ ಗಂಟುಗಟ್ಟಿದಲ್ಲಿ ಕೋಶಗಳು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಸಾಯುತ್ತವೆ. ಬಾಕ್ಸಿಂಗ್ ಆಡುವವರಲ್ಲಿ ಇಂಥ ಮಂಕುತನವನ್ನು ಡಾ. ಮಾರ್ಟ್‌ಲ್ಯಾಂಡ್ ಎಂಬವರು 1928ರಲ್ಲೇ ಬರೆದಿದ್ದರು. ಶಿರಸ್ತ್ರಾಣ ತೊಟ್ಟ ಆಟಗಾರನಲ್ಲೂ ಅದು ಇರಬಹುದೆಂದು ಯಾರೂ ಎಣಿಸಿರಲಿಲ್ಲ. ಶಿರಸ್ತ್ರಾಣ ಬುರುಡೆ ಒಡೆಯದಂತೆ ಕಾಯುತ್ತದೆ ನಿಜ, ಆದರೆ ಬುರುಡೆಯೊಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯಲಾರದು.

2005ರಲ್ಲಿ ಈ ವರದಿ ಪ್ರಕಟವಾದಾಗ ಆ ಶ್ರೀಮಂತ ಕ್ರೀಡಾಸಂಸ್ಥೆಯ ವೈದ್ಯರೇ ಅದನ್ನು ಹಿಂತೆಗೆಯಬೇಕೆಂದು ಪತ್ರಿಕೆಗೆ ಬರೆದರು. ವಲಸೆ ಬಂದ ಕರಿಯ ವೈದ್ಯ, ಹಿಂದೆ ಮುಂದೆ ಯಾರೂ ಇಲ್ಲ. ಸುಮ್ಮನಾಗುವುದು ಸುಲಭವಾಗಿತ್ತು. ಅವರು ಸುಮ್ಮನಾಗಲಿಲ್ಲ, ಎರಡನೆಯ, ಮೂರನೆಯ ಆಟಗಾರರ ಮಿದುಳನ್ನೂ ಪರೀಕ್ಷಿಸಿದರು. ತಲೆಪೆಟ್ಟಿನಿಂದ ದೀರ್ಘಕಾಲದ ಹಾನಿ ಆಗಬಹುದೆಂದು ಸಂಸ್ಥೆ ಒಪ್ಪಿದ್ದು 2009ರಲ್ಲಿ. 2015ರಲ್ಲಿ ಅವರ ಕಥೆ ‘ಕನ್ಕಷನ್’ ಎಂಬ ಸಿನಿಮಾ ಆಯಿತು. ತಮ್ಮ ವಿಶ್ವಾಸವನ್ನು ಅವರು ಎಂದೂ ಬಚ್ಚಿಟ್ಟವರಲ್ಲ.

ಇದು ಅಮೆರಿಕದ ಮಾತಾಯಿತು, ನಮ್ಮ ಫುಟ್‌ಬಾಲಿಗೇನು ಎನ್ನುವಿರಾ? ಅದೇ 2002ರಲ್ಲಿ ಇಂಗ್ಲೆಂಡಿನ ಹೆಸರಾಂತ ಆಟಗಾರ ಜೆಫ್ ಆಸ್ಟಲ್ 59ನೇ ವಯಸ್ಸಿನಲ್ಲಿ ತೀರಿಕೊಂಡರು. ತಲೆಯಿಂದ ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ. 2014ರಲ್ಲಿ ಗ್ಲಾಸ್ಗೊ ನಗರದ ಡಾ. ವಿಲ್ಲಿ ಸ್ಟೀವರ್ಟ್ ಅವರ ಮಿದುಳಿನಲ್ಲೂ ಅದೇ ರೋಗವನ್ನು ಕಂಡರು. ಡಾ. ಸ್ಟೀವರ್ಟ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿ 2019ರಲ್ಲಿ ವರದಿ ಮಾಡಿದರು: ಮಿದುಳು ಸವೆಯುವ ರೋಗಗಳಿಂದ ಸಾಯುವವರು ಇತರರಿಗಿಂತ ಇವರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚು. ಗೋಲ್‌ಕೀಪರುಗಳಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ, ಚೆಂಡಿಗೆ ಹೆಚ್ಚು ತಲೆ ಕೊಡುವ ರಕ್ಷಣಾ ಆಟಗಾರರಲ್ಲೇ ಅಪಾಯ ಹೆಚ್ಚು ಎಂದು 2021ರಲ್ಲಿ ತಿಳಿದುಬಂತು.

ಹೆದರಿ ಮಕ್ಕಳ ಆಟ ನಿಲ್ಲಿಸಬೇಡಿ. ಆಟಗಾರರಲ್ಲಿ ಹೃದಯರೋಗದ ಸಾವು ಕಡಿಮೆ ಎಂದೂ ಅದೇ ವರದಿ ಹೇಳಿತು. ಒಂದು ಪೆಟ್ಟು ಬಿದ್ದವರಿಗೆಲ್ಲ ಈ ರೋಗ ಬರುವುದಿಲ್ಲ. ಬಂದಿದೆಯೆಂದು ಖಚಿತವಾಗಿ ಹೇಳಲು ಇಂದಿಗೂ ಮರಣಾನಂತರದ ಪರೀಕ್ಷೆಯೇ ಬೇಕು. ಆದರೂ, ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ನಮ್ಮ ನಾಡಿನಲ್ಲಿ ತಲೆಗೆ ಪೆಟ್ಟು ಬೀಳುವುದು ಮೈದಾನಕ್ಕಿಂತ ರಸ್ತೆಯಲ್ಲೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ ಡಾ. ಜಿ. ಗುರುರಾಜ್ 2002ರಲ್ಲಿ ಬರೆದ ಲೆಕ್ಕದಂತೆ ಭಾರತದ ತಲೆಗಾಯಗಳಲ್ಲಿ ಸುಮಾರು 60% ರಸ್ತೆ ಅಪಘಾತದಿಂದ, 20ರಿಂದ 25% ಬೀಳುವುದರಿಂದ, ಸುಮಾರು 10% ಹೊಡೆತ ಬಡಿತದಿಂದ. ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲೋಣ. ಹೊಡೆತ ಮನೆಯೊಳಗೂ ಬೀಳುತ್ತದೆ. ಪಾಠ ಬಾರದ ಮಗುವಿನ ತಲೆಗೆ ಮೊಟಕುವ ಕೈ, ಕುಡಿದು ಬಂದು ಹೆಂಡತಿಯ ತಲೆಯನ್ನು ಗೋಡೆಗೆ ಬಡಿಯುವ ಕೈ, ಆದಿತ್ಯವಾರ ಪರಮಪ್ರಸಾದಕ್ಕೆ ಚಾಚುವ ಕೈಯೇ ಅಲ್ಲವೇ?

ಇನ್ನೊಂದು ಮಾತು ಗುರುಗಳಾದ ನಮಗೂ ಸೇರಿದ್ದು. ‘ಅಪಘಾತವಾದ ಮೇಲೆ ನಮ್ಮ ಯಜಮಾನರು ಮೊದಲಿನಂತಿಲ್ಲ ಫಾದರ್, ಸುಮ್ಮಸುಮ್ಮನೆ ರೇಗುತ್ತಾರೆ, ಕೆಲಸಕ್ಕೂ ಹೋಗುವುದಿಲ್ಲ’ ಎಂದು ತಾಯಂದಿರು ಬಂದು ಹೇಳುವುದುಂಟು. ಸೋಮಾರಿತನ, ಕೊಬ್ಬು, ಮಾಟ ಎಂದು ನೆಂಟರು ನೂರು ಹೆಸರಿಡುತ್ತಾರೆ. ಹುಟ್ಟುಗುರುಡನನ್ನು ಕಂಡ ಶಿಷ್ಯರು, ಯಾರ ಪಾಪದಿಂದ ಹೀಗಾಯಿತೆಂದು ಯೇಸುವನ್ನು ಕೇಳಿದ್ದು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿದೆ. ಪ್ರಭು ಪಾಪದ ಲೆಕ್ಕ ಹಾಕಲಿಲ್ಲ, ಕಣ್ಣಿಗೆ ಮಣ್ಣು ಹಚ್ಚಿ ಗುಣಪಡಿಸಿದರು. ವೆಬ್‌ಸ್ಟರ್‌ಗೆ ತಪ್ಪಿದ್ದು ಈ ದೃಷ್ಟಿ. ಗುಣ ಕೆಟ್ಟಿದೆ ಎಂದು ತೀರ್ಪು ಕೊಡುವ ಮೊದಲು, ಮಿದುಳಿಗೆ ಪೆಟ್ಟಾಗಿರಬಹುದೇ ಎಂದು ಒಮ್ಮೆ ಕೇಳಬೇಕು. ಪ್ರಾರ್ಥನೆಯೂ ಬೇಕು, ನರರೋಗ ತಜ್ಞರೂ ಬೇಕು. ಎರಡೂ ದೇವರ ಕೊಡುಗೆಗಳೇ.

ಮನೆಯಲ್ಲೂ ಧರ್ಮಕೇಂದ್ರದಲ್ಲೂ ನಾವು ಮಾಡಬಹುದಾದ ಕೆಲವು ಕೆಲಸಗಳು:

1. ಆಟದಲ್ಲಿ ತಲೆಗೆ ಪೆಟ್ಟುಬಿದ್ದು ತಲೆಸುತ್ತಿದವನನ್ನು ಆ ದಿನ ಮತ್ತೆ ಆಡಿಸಬೇಡಿ. ಫೈನಲ್ ಆದರೂ ಸರಿ. ವೈದ್ಯರು ಒಪ್ಪಿದ ಮೇಲೆಯೇ ಮೈದಾನ.

2. ಚಿಕ್ಕ ಮಕ್ಕಳಿಗೆ ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಬೇಡ. ಅಮೆರಿಕದಲ್ಲಿ 2015ರಲ್ಲಿ, ಇಂಗ್ಲೆಂಡಿನಲ್ಲಿ 2020ರಲ್ಲಿ ಇಂಥ ನಿಯಮ ಬಂತು.

3. ಪದೇಪದೇ ವಾಂತಿ, ಮಂಪರು, ತೊದಲು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಕಂಡರೆ ಅರಿಶಿನ ಹಚ್ಚಿ ಮಲಗಿಸಬೇಡಿ. 108ಕ್ಕೆ ಕರೆಮಾಡಿ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

4. ಸ್ಕೂಟರಿನಲ್ಲಿ ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ. ಒಳ್ಳೆಯ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 40%ರಷ್ಟು ತಗ್ಗಿಸುತ್ತದೆ. ಪೂಜೆಗೆ ಬರುವಾಗ ಹಿಂದೆ ಕೂತ ತಾಯಿಯ ತಲೆಗೂ ಒಂದಿರಲಿ. ಕುಡಿತದಿಂದ, ವೇಗದ ಹುಚ್ಚಿನಿಂದ ಪರರ ಪ್ರಾಣಕ್ಕೆ ಅಪಾಯ ತರುವುದು ಘೋರ ತಪ್ಪೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಐದನೆಯ ಆಜ್ಞೆಯ ಕೆಳಗೇ ಹೇಳುತ್ತದೆ.

ಇಷ್ಟು ತಿಳಿದ ಮೇಲೆ ಸುಮ್ಮನಿರಲಾಗದು. ಮುಂದಿನ ಪಂದ್ಯದಲ್ಲಿ ಹುಡುಗನೊಬ್ಬ ತಲೆ ಹಿಡಿದುಕೊಂಡು ಕುಳಿತಾಗ, ‘ಏಳೋ, ಏನೂ ಆಗಿಲ್ಲ’ ಎಂದು ಎಲ್ಲರೂ ಕೂಗುವ ಹೊತ್ತಿನಲ್ಲಿ, ‘ಬೇಡ, ಅವನನ್ನು ಹೊರಗೆ ಕರೆತನ್ನಿ’ ಎನ್ನುವ ಒಂದು ದನಿ ನಿಮ್ಮದಾಗಿರಲಿ. ಆ ಧೈರ್ಯವನ್ನು ಪವಿತ್ರಾತ್ಮರು ನಮಗೆಲ್ಲ ಕೊಡಲಿ.