ಎಲ್ಲಿವರೆಗೆ ಸರಿ ಇದೆ?

2025ರ ಮೇ ತಿಂಗಳ ಮೊದಲ ವಾರ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಎರಡು ದಿನವಾಗಿತ್ತು. ಕೋಟೇಶ್ವರದ ನಮ್ಮ ಪಕ್ಕದ ಮನೆಯ ಮಾಣಿ ಗಣಿತ ಒಂದರಲ್ಲಿ ಫೇಲಾಗಿದ್ದ. ಉಳಿದ ಐದೂ ವಿಷಯ ಪಾಸು. ಅವನ ಅಮ್ಮ ನಮ್ಮ ಜಗಲಿಯಲ್ಲಿ ಕೂತು, "ನೀ ಇಂಜಿನಿಯರಿಂಗ್ ಓದ್ತಾ ಇದ್ದಿಯಲೆ ಹೆಣೆ, ಇವ್ನಿಗ್ ಚೂರ್ ಲೆಕ್ಕ ಹೇಳ್ಕೊಡ್" ಎಂದರು. ಬಾಗಿಲ ಬಳಿ ನಿಂತಿದ್ದ ಅವನು ತಲೆ ಎತ್ತದೆ ಹೇಳಿದ್ದು ಒಂದೇ ಮಾತು: "ಬ್ಯಾಡ ಅಕ್ಕ, ನಂಗ್ ಲೆಕ್ಕ ಬತ್ತಿಲ್ಲೆ."

ಬೆಂಗಳೂರಿನಲ್ಲಿ ಅವನ ಮಾವನ ಬೇಕರಿ ಇದೆ. ಅಲ್ಲಿಗೆ ಹೊರಡಲು ಅವನು ಮನಸ್ಸು ಮಾಡಿಯಾಗಿತ್ತು. ಬೇಕರಿ ಕೆಲಸ ಕಡಿಮೆಯದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಕುಂದಾಪುರ ಕಡೆಯ ಎಷ್ಟೋ ಮನೆಗಳು ಬೆಂಗಳೂರು, ಮುಂಬಯಿಯ ಹೋಟೆಲು, ಬೇಕರಿಗಳ ದುಡಿಮೆಯಿಂದಲೇ ಎದ್ದು ನಿಂತಿವೆ. ಆದರೆ ಇಷ್ಟಪಟ್ಟು ಹೋಗುವುದು ಬೇರೆ, 'ನನ್ನಿಂದ ಆಗುವುದಿಲ್ಲ' ಎಂದು ಹದಿನಾರನೇ ವಯಸ್ಸಿಗೇ ನಂಬಿಕೊಂಡು ಹೋಗುವುದು ಬೇರೆ. ಆ ನಂಬಿಕೆ ಅವನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ನನ್ನಿಂದ ಈ ಲೇಖನ ಬರೆಸುತ್ತಿದೆ.

ನಮ್ಮದು ಫಲಿತಾಂಶಕ್ಕೆ ಹೆಸರಾದ ಜಿಲ್ಲೆ. 2024ರಲ್ಲಿ ಶೇ 94ರಷ್ಟು ಫಲಿತಾಂಶ ಪಡೆದು ಉಡುಪಿ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. 2025ರಲ್ಲಿ ದಕ್ಷಿಣ ಕನ್ನಡದ ನಂತರ ಎರಡನೇ ಸ್ಥಾನ. ಇದು ಹೆಮ್ಮೆಯ ವಿಷಯವೇ. ಆದರೆ ನೂರಕ್ಕೆ ತೊಂಬತ್ತು ಮಂದಿ ಪಾಸಾಗುವ ಊರಿನಲ್ಲಿ ಫೇಲಾದ ಒಬ್ಬನ ತಲೆ ಇನ್ನಷ್ಟು ಕೆಳಗೆ ಬಾಗುತ್ತದೆ. ಪಾಸಾದ ತೊಂಬತ್ತರಲ್ಲಿ ಎಷ್ಟು ಮಂದಿಗೆ ಗಣಿತದ ಮೇಲೆ ಧೈರ್ಯ ಇದೆ ಎಂಬುದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ.

ಮೊದಲ ಸಂಜೆ ಅವನು ತಂದದ್ದು ಪಠ್ಯಪುಸ್ತಕವನ್ನಲ್ಲ, ಜೆರಾಕ್ಸ್ ಮಾಡಿಸಿದ 'ಪಾಸಿಂಗ್ ಪ್ಯಾಕೇಜ್'. ಕರ್ನಾಟಕದಲ್ಲಿ ಹತ್ತನೇ ತರಗತಿ ಓದಿದ ಯಾರಿಗೂ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಥೇಲ್ಸನ ಪ್ರಮೇಯ, ರೇಖಾತ್ಮಕ ಸಮೀಕರಣಗಳ ನಕ್ಷೆ, ಸರಾಸರಿ, ಮಧ್ಯಾಂಕ, ಹೀಗೆ ಖಂಡಿತ ಬರುವ ಕೆಲವು ಪ್ರಶ್ನೆಗಳನ್ನು ಆರಿಸಿ ಬಾಯಿಪಾಠ ಮಾಡಿಸುವ ಕ್ರಮ. ಅವನು ಥೇಲ್ಸನ ಪ್ರಮೇಯವನ್ನು ಒಂದು ಅಕ್ಷರ ತಪ್ಪದೆ ಬರೆದು ತೋರಿಸಿದ. ನನಗೆ ಸಂತೋಷವಾಯಿತು. ಆಮೇಲೆ ತ್ರಿಭುಜದ ಹೆಸರು ಎಬಿಸಿ ಇದ್ದದ್ದನ್ನು ಪಿಕ್ಯೂಆರ್ ಎಂದು ಬದಲಿಸಿ, ಚಿತ್ರವನ್ನು ಸ್ವಲ್ಪ ಓರೆ ಮಾಡಿ ಕೊಟ್ಟೆ. ಅವನು ಪೆನ್ನು ಕೆಳಗಿಟ್ಟ. "ಅಕ್ಕ, ಇದ್ ಪ್ಯಾಕೇಜಲ್ಲಿಲ್ಲೆ" ಎಂದ.

ಅವನು ದಡ್ಡ ಎಂದು ಇದರಿಂದ ತೀರ್ಮಾನಿಸುವುದು ಸುಲಭ. ಆದರೆ ನಾನೂ ಬೇರೊಂದು ರೀತಿಯಲ್ಲಿ ಇದೇ ಪಾಡು ಪಟ್ಟವಳು.

ಎಂಟನೇ ತರಗತಿಯಲ್ಲಿ ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ ಆಗುತ್ತದೆ ಎಂದು ಕೇಳಿದ್ದೆ. "ಅದು ನಿಯಮ. ಹತ್ತು ಸಲ ಬರಿ" ಎಂಬ ಉತ್ತರ ಬಂತು. ತರಗತಿ ನಕ್ಕಿತು. ಬರೆದೆ. ಆಮೇಲೆ ಗಣಿತದ ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಲೆಕ್ಕ ಬರುವವರು ಒಂದು ಕಡೆ, ಬಾರದವರು ಇನ್ನೊಂದು ಕಡೆ ಕೂರಬೇಕಾಗಿದ್ದ ಆ ತರಗತಿಯಲ್ಲಿ ಬರುವವರ ಬದಿಯಲ್ಲೇ ಉಳಿಯುವುದಕ್ಕಾಗಿ ಎಲ್ಲವನ್ನೂ ಉರು ಹೊಡೆದೆ.

ನಮ್ಮ ಬ್ಯಾಚಿನ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೊರೊನಾ ಕಾಲದ್ದು. 2021ರ ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರಕ್ಕೂ ಒಂದೇ ದಿನ ಬಹು ಆಯ್ಕೆಯ ಪ್ರಶ್ನೆ. ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಿ ಬಂದೆವು. ಒಂದು ಹಂತವನ್ನೂ ಬರೆದು ತೋರಿಸಬೇಕಾಗಿರಲಿಲ್ಲ. ನನಗೆ ಒಳ್ಳೆಯ ಅಂಕ ಬಂತು, ಮನೆಯವರು ಸಿಹಿ ಹಂಚಿದರು. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೇಲೆ ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು 25ಕ್ಕೆ 4. ಕನ್ನಡ ಮಾಧ್ಯಮದಲ್ಲಿ 'ಸ್ಪರ್ಶಕ' ಆಗಿದ್ದದ್ದು ಒಮ್ಮೆಲೇ 'ಟ್ಯಾಂಜೆಂಟ್' ಆದ ಗೊಂದಲವೂ ಸೇರಿತ್ತು. ಆದರೆ ಭಾಷೆಯ ಕಷ್ಟ ಮೂರು ತಿಂಗಳಲ್ಲಿ ಕಳೆಯಿತು. ಸೂತ್ರ ಗೊತ್ತಿದ್ದೂ ಅದು ಯಾಕೆ ಹಾಗಿದೆ ಎಂಬುದು ತಿಳಿಯದಿದ್ದ ಕಷ್ಟ ಹಾಗೆಯೇ ಉಳಿಯಿತು.

ಆ ವರ್ಷ ನಮಗೆ ಗಣಿತ ಕಲಿಸಿದ ಮೇಡಂ ಒಬ್ಬರಿಗೆ ಒಂದು ಅಭ್ಯಾಸವಿತ್ತು. ತಪ್ಪಾದ ಲೆಕ್ಕದ ಮೇಲೆ ಕೆಂಪು ಗೆರೆ ಎಳೆಯುತ್ತಿರಲಿಲ್ಲ. ಪುಸ್ತಕ ನಮ್ಮ ಕೈಗೇ ಕೊಟ್ಟು, "ಎಲ್ಲಿವರೆಗೆ ಸರಿ ಇದೆ, ನೀನೇ ಹೇಳು" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನನಗೆ ವಿಚಿತ್ರವೆನಿಸಿತು. ತಪ್ಪಾದ ಲೆಕ್ಕದಲ್ಲೂ ಸರಿ ಇರುವ ಭಾಗ ಇರುತ್ತದೆ ಎಂದು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಎಂಟು ಸಾಲಿನ ಲೆಕ್ಕದಲ್ಲಿ ಐದು ಸಾಲು ಸರಿ ಇತ್ತು. ಆರನೆಯದರಲ್ಲಿ ಚಿಹ್ನೆ ತಪ್ಪಿತ್ತು. 'ನನಗೆ ಗಣಿತ ಬರುವುದಿಲ್ಲ' ಎಂಬ ದೊಡ್ಡ ಮಾತು 'ಆರನೇ ಸಾಲಿನಲ್ಲಿ ಚಿಹ್ನೆ ತಪ್ಪಿದೆ' ಎಂಬ ಸಣ್ಣ ಮಾತಾಯಿತು. ಸಣ್ಣ ತಪ್ಪನ್ನು ತಿದ್ದಿಕೊಳ್ಳಬಹುದು.

ಎಂಟನೇ ತರಗತಿಯ ಹಳೆಯ ಪ್ರಶ್ನೆಯನ್ನು ಧೈರ್ಯ ಮಾಡಿ ಅವರಲ್ಲಿ ಕೇಳಿದೆ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರು. 3 × (−2) = −6. 2 × (−2) = −4. 1 × (−2) = −2. 0 × (−2) = 0. "ಉತ್ತರ ಪ್ರತಿ ಸಲ ಎಷ್ಟು ಏರುತ್ತಿದೆ?" ಎಂದರು. ಎರಡು. "ಹಾಗಾದರೆ ಮುಂದಿನ ಸಾಲು, (−1) × (−2) ಎಷ್ಟಾಗಬೇಕು?" ನಾವೇ ಹೇಳಿದೆವು, 2 ಎಂದು. ಹತ್ತು ಸಲ ಬರೆದೂ ಅರ್ಥವಾಗದ ನಿಯಮ ಎರಡು ನಿಮಿಷದಲ್ಲಿ ನಮ್ಮದಾಯಿತು. ನಾನು ಇಂದು ಬಿಇ ಓದುತ್ತಿದ್ದರೆ ಅದಕ್ಕೆ ಆ ಎರಡು ನಿಮಿಷವೂ ಒಂದು ಕಾರಣ.

ಹಾಗಾಗಿ ಮಾಣಿಯ ಪ್ಯಾಕೇಜನ್ನು ಬದಿಗಿಟ್ಟು ಕೊಡಿ ಹಬ್ಬದ ವಿಷಯ ತೆಗೆದೆ. ಕೋಟಿಲಿಂಗೇಶ್ವರ ದೇವರ ತೇರಿನ ದಿನ ಕಬ್ಬಿನ ಕೊಡಿ ಮನೆಗೆ ಒಯ್ಯುವುದು ನಮ್ಮೂರಿನ ವಾಡಿಕೆ. ಹಿಂದಿನ ಹಬ್ಬದಲ್ಲಿ ಅವನು ಗೆಳೆಯರೊಡನೆ ಕಬ್ಬು ಮಾರಿದ್ದ. ನಾನು ಕೇಳಿದೆ: "ದಪ್ಪ ಜಲ್ಲೆಗೆ 60 ರೂಪಾಯಿ, ಸಣ್ಣದಕ್ಕೆ 40. ಒಟ್ಟು 22 ಜಲ್ಲೆ ಮಾರಿ 1000 ರೂಪಾಯಿ ಬಂತು. ದಪ್ಪದ್ದು ಎಷ್ಟು ಹೋಯಿತು?"

ಅವನು ಕಾಗದ ಮುಟ್ಟಲಿಲ್ಲ. "ಎಲ್ಲಾ ಸಣ್ದೇ ಅಂದ್ರೆ 880 ಆತ್ತ್. 120 ಜಾಸ್ತಿ ಬಂತಲೆ? ಒಂದ್ ದಪ್ಪದ್ದಕ್ಕೆ 20 ಜಾಸ್ತಿ. ಹಂಗಾರೆ ಆರ್" ಎಂದ.

ನಾನು ಒಂದು ಕ್ಷಣ ಸುಮ್ಮನಾದೆ. ಅವನು ಪರೀಕ್ಷೆಯಲ್ಲಿ ಖಾಲಿ ಬಿಟ್ಟು ಬಂದದ್ದು ಇದೇ ಲೆಕ್ಕವನ್ನು. ಎಕ್ಸ್ ಕೂಡಿಸು ವೈ ಸಮ 22, 60 ಎಕ್ಸ್ ಕೂಡಿಸು 40 ವೈ ಸಮ 1000. ಅವನು ಬಾಯಲ್ಲಿ ಹೇಳಿದ್ದನ್ನೇ ಸಾಲು ಸಾಲಾಗಿ ಬರೆದು, ಇದರ ಹೆಸರು 'ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ' ಎಂದೆ. "ಇದಾ ಅದು?" ಎಂದು ಅವನು ಕೇಳಿದ ರೀತಿ ನನಗೆ ಇನ್ನೂ ನೆನಪಿದೆ.

ಗಣಿತ ಹೀಗೆ ಸಂತೆಯಿಂದ, ಹೊಲದಿಂದ ಬಂದದ್ದೇ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣು ಹಂಚುವ, ವ್ಯಾಪಾರ ಮಾಡುವ ಲೆಕ್ಕಗಳನ್ನು ಕೊಟ್ಟ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ಗ್ರಂಥದ ಹೆಸರೇ 'ವ್ಯವಹಾರಗಣಿತ'. ನಮ್ಮ ಕಾಲಕ್ಕೆ ಬಂದರೆ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಪ್ರೊ. ಆರ್. ರಾಮಾನುಜಂ ಅಧ್ಯಕ್ಷತೆಯ ತಂಡ ಗಣಿತ ಬೋಧನೆಯ ಬಗ್ಗೆ ಸಿದ್ಧಪಡಿಸಿದ ವರದಿಯು ಬಹುಪಾಲು ಮಕ್ಕಳಲ್ಲಿರುವ ಭಯ ಮತ್ತು ಸೋಲಿನ ಭಾವನೆಯನ್ನೇ ಮೊದಲ ಸಮಸ್ಯೆಯಾಗಿ ಗುರುತಿಸಿತ್ತು. ಲೆಕ್ಕ ಬಿಡಿಸುವುದಕ್ಕಿಂತ ಗಣಿತದ ರೀತಿಯಲ್ಲಿ ಯೋಚಿಸಲು ಕಲಿಸುವುದು ಮುಖ್ಯ ಎಂದಿತ್ತು. ಇಪ್ಪತ್ತು ವರ್ಷಗಳಾದವು. ಪಾಸಿಂಗ್ ಪ್ಯಾಕೇಜಿನ ಜೆರಾಕ್ಸ್ ಇನ್ನೂ ನಿಂತಿಲ್ಲ.

ಇದಕ್ಕೆ ಶಿಕ್ಷಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದ ನಡುವೆ ಪಾಠ ಮುಗಿಸಬೇಕು. ಫಲಿತಾಂಶ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಕೊಡಬೇಕು. ಜನವರಿಯಲ್ಲಿ ಭಿನ್ನರಾಶಿಯೇ ತಿಳಿಯದ ಹುಡುಗನನ್ನು ಮಾರ್ಚಿಗೆ ಪಾಸು ಮಾಡಿಸಬೇಕೆಂದರೆ ಅವರಿಗೆ ಬೇರೆ ದಾರಿ ಏನಿದೆ? ಪ್ಯಾಕೇಜಿನಿಂದ ಒಂದು ವರ್ಷ ಉಳಿಸಿಕೊಂಡ ಮಕ್ಕಳು ಸಾವಿರಾರು. ಬಾಯಿಪಾಠವೇ ಬೇಡ ಎನ್ನುವವಳೂ ನಾನಲ್ಲ. ಮಗ್ಗಿ ಬಾಯಿಗೆ ಬಾರದಿದ್ದರೆ ಬೀಜಗಣಿತದ ಪ್ರತಿ ಸಾಲಿನಲ್ಲೂ ಎಡವುತ್ತೇವೆ. ಆದರೆ ಅರ್ಥವಾದದ್ದನ್ನು ಅಭ್ಯಾಸ ಮಾಡಿದರೆ ಕೈ ಚುರುಕಾಗುತ್ತದೆ. ಅರ್ಥವಾಗದ್ದನ್ನು ಉರು ಹೊಡೆದರೆ ಪ್ರಶ್ನೆ ಸ್ವಲ್ಪ ಬದಲಾದಾಗ ಭಯವೇ ಹೆಚ್ಚುತ್ತದೆ. ಭಯವಾದಾಗ ತಲೆಯೊಳಗೆ ಅಂಕಿಗಳನ್ನು ಹಿಡಿದಿಟ್ಟುಕೊಳ್ಳಬೇಕಾದ ಜಾಗವನ್ನು ಭಯವೇ ತುಂಬಿಕೊಳ್ಳುತ್ತದೆ, ಗೊತ್ತಿದ್ದದ್ದೂ ಮರೆಯುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಕೂತವರಿಗೆಲ್ಲ ಇದರ ಅನುಭವ ಇದ್ದೇ ಇರುತ್ತದೆ.

ಇದು ಹತ್ತನೇ ತರಗತಿಗೆ ಮುಗಿಯುವ ಕಥೆಯೂ ಅಲ್ಲ. ಈ ಪುಟ ಓದುತ್ತಿರುವ ನಮ್ಮಲ್ಲಿ ಹಲವರು ಕ್ಯಾಂಪಸ್ ಸಂದರ್ಶನದ ಆಪ್ಟಿಟ್ಯೂಡ್ ಪರೀಕ್ಷೆಗೋ, ಬ್ಯಾಂಕ್ ಪರೀಕ್ಷೆಗೋ, ಎಫ್‌ಡಿಎ, ಎಸ್‌ಡಿಎಗೋ ತಯಾರಾಗುತ್ತಿರುವವರು. ಅಲ್ಲಿ ಕೇಳುವುದು ಏನನ್ನು? ಲಾಭ ನಷ್ಟ, ಅನುಪಾತ, ಕೆಲಸ ಮತ್ತು ಸಮಯ. ಹೆಚ್ಚಿನವು ಹೈಸ್ಕೂಲಿನ ಲೆಕ್ಕಗಳೇ. ನನ್ನ ಸಹಪಾಠಿಗಳು ಯೂಟ್ಯೂಬ್ ನೋಡಿ ನೂರು ಶಾರ್ಟ್‌ಕಟ್ ಬರೆದಿಟ್ಟುಕೊಳ್ಳುತ್ತಾರೆ. ಪ್ರಶ್ನೆಯ ರೂಪ ಬದಲಾದರೆ ಅವರೂ ಮಾಣಿಯ ಹಾಗೆ ಪೆನ್ನು ಕೆಳಗಿಡುತ್ತಾರೆ. ಅದು ದೊಡ್ಡವರ ಪಾಸಿಂಗ್ ಪ್ಯಾಕೇಜ್ ಅಷ್ಟೆ. ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲಿ, 1925ರಲ್ಲಿ. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಯೋಜನೆಯನ್ನು ಮನೆಮನೆಗೆ ಮುಟ್ಟಿಸಿದ ಬ್ಯಾಂಕು ಅದು. ಅಂತಹ ಜಿಲ್ಲೆಯ ಮಕ್ಕಳು ಬಡ್ಡಿ ಲೆಕ್ಕಕ್ಕೆ ಹೆದರುವುದು ಬೇಸರದ ಮಾತು.

ಹಾಗಾದರೆ ಏನು ಮಾಡಬಹುದು? ತರಗತಿಯಲ್ಲಿ ಆಗಬೇಕಾದದ್ದಕ್ಕೆ ಹೊಸ ಕಟ್ಟಡವೋ ಸ್ಮಾರ್ಟ್ ಬೋರ್ಡೋ ಬೇಕಾಗಿಲ್ಲ. ಸೂತ್ರ ಬರೆಯುವ ಮೊದಲು ಅದು ಎಲ್ಲಿಂದ ಬಂತೆಂದು ಐದು ನಿಮಿಷ ಹೇಳುವುದು. ವಾರಕ್ಕೊಮ್ಮೆ ಒಂದು ತಪ್ಪು ಲೆಕ್ಕವನ್ನು, ಬರೆದವರ ಹೆಸರು ಹೇಳದೆ, ಬೋರ್ಡಿಗೆ ಹಾಕಿ ಎಲ್ಲರೂ ಸೇರಿ ತಪ್ಪು ಹುಡುಕುವುದು. ಬುದ್ಧಿವಂತರು, ದಡ್ಡರು ಎಂದು ಬೆಂಚು ಬೇರೆ ಮಾಡದಿರುವುದು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ಪ್ರತಿ ಸರಿಯಾದ ಹಂತಕ್ಕೂ ಅಂಕವಿದೆ. ಅಂದರೆ 'ಎಲ್ಲಿವರೆಗೆ ಸರಿ ಇದೆ' ಎಂದು ಮೌಲ್ಯಮಾಪಕರು ನೋಡಿಯೇ ನೋಡುತ್ತಾರೆ. ಅದನ್ನು ವರ್ಷವಿಡೀ ತರಗತಿಯಲ್ಲೂ ನೋಡಿದರೆ ಸಾಕು.

ಇನ್ನು ನಾವು ಮಾಡಬಹುದಾದದ್ದು. 2024 ಮತ್ತು 2025ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳಿದ್ದವು. ಅವಕಾಶ ಹೆಚ್ಚಾಗಿದೆ, ಆದರೆ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಇರುವ ಕೆಲವೇ ವಾರಗಳಲ್ಲಿ ಆ ಮಕ್ಕಳ ಪಕ್ಕ ಕೂರುವವರು ಕಡಿಮೆ. ಪ್ರತಿ ಊರಿನಲ್ಲೂ ನಮ್ಮಂಥ ಕಾಲೇಜು ವಿದ್ಯಾರ್ಥಿಗಳಿದ್ದೇವೆ. ಸಂಜೆ ಒಂದು ಗಂಟೆ ಕೊಡುವುದು ಕಷ್ಟವಲ್ಲ. ನನ್ನ ಸೆಮಿಸ್ಟರಿನ ಓದಿನ ನಡುವೆಯೂ ಮೂರು ವಾರ ಕೂರಲು ಸಾಧ್ಯವಾಯಿತು. ಮಾಣಿಗೆ ಕಲಿಸುತ್ತಾ ನನಗೇ ಅರೆಬರೆಯಾಗಿದ್ದ ಎರಡು ಪಾಠ ಸ್ಪಷ್ಟವಾದವು.

ಅವನಿಗೆ ದೊಡ್ಡ ಅಂಕವೇನೂ ಬರಲಿಲ್ಲ. ಮೊದಲ ಸಲ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 17 ಇತ್ತು, ಎರಡನೇ ಪರೀಕ್ಷೆಯಲ್ಲಿ 34. ಪಾಸಾದ, ಪಿಯುಸಿ ವಾಣಿಜ್ಯಕ್ಕೆ ಸೇರಿದ. ಬೇಕರಿಗೆ ರಜೆಯಲ್ಲಿ ಹೋಗುತ್ತಾನಂತೆ. ಪರೀಕ್ಷೆ ಮುಗಿಸಿ ಬಂದ ದಿನ ಅವನು ಪ್ರಶ್ನೆಪತ್ರಿಕೆ ಹಿಡಿದು ನೇರ ನಮ್ಮ ಮನೆಗೆ ಬಂದಿದ್ದ. ಪ್ಯಾಕೇಜಿನಲ್ಲಿಲ್ಲದ ಒಂದು ಮೂರು ಅಂಕದ ಪ್ರಶ್ನೆಗೆ ಬೆರಳಿಟ್ಟು, ತಾನು ಬರೆದದ್ದನ್ನು ಹಾಳೆಯ ಅಂಚಿನಲ್ಲಿ ಮತ್ತೆ ಬರೆದು ತೋರಿಸಿದ. ಕೊನೆಯ ಉತ್ತರ ತಪ್ಪಿತ್ತು. ಅವನಿಗೆ ಅದು ಗೊತ್ತಿತ್ತು.

"ಆರೆ ಅಕ್ಕ, ಇಲ್ಲಿವರ್ಗೆ ಸರಿ ಇತ್ತಲ್ದಾ?" ಎಂದು ಕೇಳಿದ.

ಸರಿ ಇತ್ತು.