ಟ್ರ್ಯಾಕ್ಟರಿನ ಹಾಡೂ ಎಲೆಕ್ಟ್ರಾನಿಕ್ ಸಂಗೀತಾನ ರೀ!

ಕನ್ನಡದಲ್ಲಿ ಸಿನಿಮಾ ಬಿಟ್ಟರೆ ಸಂಗೀತವೇ ಇಲ್ಲ, ಇಂಡೀ ಅನ್ನೋದು ಹುಟ್ಟಲೇ ಇಲ್ಲ, ಎಲೆಕ್ಟ್ರಾನಿಕ್ ಅಂತೂ ಕೇಳಲೇಬೇಡಿ... ಈ ಗೋಳು ನಮ್ಮ ಬ್ಲಾಗ್ ಬಳಗದಲ್ಲಿ ವರ್ಷಕ್ಕೆ ಎರಡು ಸಲವಾದರೂ ಕಾಣಿಸಿಕೊಳ್ಳುತ್ತದೆ. ಕೆಳಗೆ ಹತ್ತು ಜನ "ನಿಜ ಸರ್, ಚೆನ್ನಾಗಿ ಹೇಳಿದ್ರಿ" ಅಂತ ಕಮೆಂಟು ಹಾಕಿರುತ್ತಾರೆ. ಅಲ್ಲಿಗೆ ವಿಚಾರ ಮುಗೀತು. ಮುಂದಿನ ಗೋಳಿನವರೆಗೆ ಶಾಂತಿ :)

ಈ ಮಾತು ಸುಳ್ಳು. ಅದೂ ಸ್ವಲ್ಪ ಸೊಕ್ಕಿನ ಸುಳ್ಳು.

ಅನುಮಾನ ಇದ್ದವರು ಕಬ್ಬಿನ ಸೀಸನ್ನಿನಲ್ಲಿ ನಮ್ಮ ಭೂತನಾಳದ ಕಡೆ ಬಂದು ಒಂದು ವಾರ ಇದ್ದು ನೋಡಿ. ವಿಜಯಪುರದಿಂದ ತಿಕೋಟಾ ಕಡೆಗೋ ಬಬಲೇಶ್ವರ ಕಡೆಗೋ ಹೊರಡಿ. ಎದುರಿಗೆ ಬರುವ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಬ್ಬು, ಡ್ರೈವರ್ ಸೀಟಿನ ಹಿಂದೆ ದೊಡ್ಡ ದೊಡ್ಡ ಸ್ಪೀಕರ್. ಟ್ರ್ಯಾಕ್ಟರ್ ಕಾಣುವ ಮೊದಲೇ ಹಾಡು ಬಂದಿರುತ್ತದೆ. ಡೊಳ್ಳು ಹಲಗೆಗಳ ಸ್ಯಾಂಪಲ್ಲು, ಅದರ ಕೆಳಗೆ ಎದೆಗೆ ಗುದ್ದುವ ಕಿಕ್ಕು, ಶಹನಾಯಿಯೋ ಪುಂಗಿಯೋ ಅನ್ನಿಸುವ ಹಾಗೆ ಜಾರುವ ಕೀಬೋರ್ಡು, ಆಟೋಟ್ಯೂನಿನಲ್ಲಿ ಅದ್ದಿ ತೆಗೆದ ದನಿ. ಜನ ಇದಕ್ಕೆ ಡಿಜೆ ಸಾಂಗ್ ಅಂತಾರೆ, ಜಾನಪದ ಅಂತಾರೆ, ಬರೇ ಹಾಡು ಅಂತಲೂ ಅಂತಾರೆ. ಇಂಡೀ ಅಂತ ಯಾರೂ ಅನ್ನೋದಿಲ್ಲ. ನಮ್ಮ ಬ್ಲಾಗುಗಳಲ್ಲಿ ಇದು ಕಾಣಿಸದೇ ಇರುವುದಕ್ಕೆ ಅದೇ ಕಾರಣ.

ಈಗ ಇಂಡೀ ಅಂದರೆ ಏನು ಹೇಳಿ ನೋಡೋಣ. ದೊಡ್ಡ ಕಂಪನಿಯ ದುಡ್ಡಿಲ್ಲದೆ ಮಾಡಬೇಕು. ಸಿನಿಮಾದ ಹಂಗು ಇರಬಾರದು. ಸ್ವಂತ ಹಾಡು ಬರೆದು, ಸಣ್ಣ ಜಾಗದಲ್ಲಿ ರೆಕಾರ್ಡ್ ಮಾಡಿ, ತಾವೇ ಬಿಡುಗಡೆ ಮಾಡಿ, ತಮ್ಮ ಕೇಳುಗರನ್ನು ತಾವೇ ಹುಡುಕಿಕೊಳ್ಳಬೇಕು. ಉತ್ತರ ಕರ್ನಾಟಕದ ಈ ಹಾಡುಗಳು ಹುಟ್ಟುವುದು ಹೀಗೆಯೇ. ಊರೂರಿನ ಸಣ್ಣ ಸ್ಟುಡಿಯೋ, ಒಂದು ಕಂಪ್ಯೂಟರ್, ಕೀಬೋರ್ಡು, ಮೈಕು. ಹಾಡು ಸಿದ್ಧವಾದರೆ ನೇರ ಯೂಟ್ಯೂಬಿಗೆ. ವಾರ ವಾರ ಹೊಸ ಬಿಡುಗಡೆ. ಮಾಳು ನಿಪನಾಳ ಅವರ 'ನಾ ಡ್ರೈವರಾ' ಹಾಡು ಬೆಂಗಳೂರಿನ ಆಟೋಗಳವರೆಗೂ ಬಂತು. ಟಿವಿಯವರ ಕಿವಿ ನಮಗಿಂತ ಚುರುಕು ನೋಡಿ. ಬಾಳು ಬೆಳಗುಂದಿ ಅವರು ಜೀ ಕನ್ನಡದ ಸರಿಗಮಪ ವೇದಿಕೆ ಹತ್ತಿದರು, ಮಾಳು ಅವರು 2025ರಲ್ಲಿ ಬಿಗ್ ಬಾಸ್ ಮನೆಗೂ ಹೋಗಿ ಬಂದರು. ಹೊಸ ಸಂಗೀತ ಹೊಸ ಸಂಗೀತ ಅಂತ ಬಾಯಿ ಬಡಕೊಳ್ಳುವ ಬ್ಲಾಗಿಗರು ಮಾತ್ರ ಇವರ ಒಂದು ಹಾಡಿನ ಬಗ್ಗೆ ಎರಡು ಪ್ಯಾರಾ ಬರೆಯಲಿಲ್ಲ.

ಬೆಂಗಳೂರಿನ ಇಂಡೀ ಮಂದಿಯ ಮೇಲೆ ನನಗೆ ಸಿಟ್ಟಿಲ್ಲ. 2008ರ ರಘು ದೀಕ್ಷಿತ್ ಆಲ್ಬಂ ಶಿಶುನಾಳ ಶರೀಫರ ಪದವನ್ನು ಗಿಟಾರಿನ ಜೊತೆ ಊರೂರಿಗೆ ಒಯ್ದದ್ದು ಸಣ್ಣ ಕೆಲಸವಲ್ಲ. ಸ್ವರಾತ್ಮ ತಂಡದ 2009ರ ಆಲ್ಬಮ್ಮಿನಲ್ಲಿ ಕನ್ನಡ ಇದೆ. ಸಲ್ಕ್ ಸ್ಟೇಶನ್ ಎಂಬ ಜೋಡಿ 2012ರಲ್ಲಿ 'ಟಿಲ್ ಯೂ ಅಪಿಯರ್' ಅನ್ನೋ ನಿಧಾನದ, ಮಂದ್ರದ, ಚೆಂದದ ಎಲೆಕ್ಟ್ರಾನಿಕ್ ಆಲ್ಬಂ ತಂದಿತು. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಕೇಳಿ. ಆದರೆ ಈ ನಾಲ್ಕೈದು ಹೆಸರು ಎಣಿಸಿ, ಅದರಲ್ಲಿ ಕನ್ನಡದ ಪಾಲು ಇಷ್ಟೇನಾ ಅಂತ ನಿಟ್ಟುಸಿರು ಬಿಟ್ಟು, ಅಲ್ಲಿಗೇ ಲೆಕ್ಕ ಮುಗಿಸೋದು ಯಾವ ನ್ಯಾಯ? ಪಬ್ಬಿನಲ್ಲಿ ನುಡಿಸಿದರೆ ಪ್ರಯೋಗ, ಮದುವೆ ಮೆರವಣಿಗೆಯಲ್ಲಿ ನುಡಿಸಿದರೆ ಗಲಾಟೆನಾ?

ಮದುವೆ ಅಂದಾಗ ನೆನಪಾಯಿತು. ಒಮರ್ ಸುಲೇಮಾನ್ ಹೆಸರು ಕೇಳಿದ್ದೀರಾ? ಸಿರಿಯಾ ದೇಶದ ಈಶಾನ್ಯ ಮೂಲೆಯ ಗಾಯಕ. ಮದುವೆಗಳಲ್ಲಿ ಹಾಡುತ್ತಿದ್ದ. ಪಕ್ಕದಲ್ಲಿ ರಿಜಾನ್ ಸಯೀದ್ ಅನ್ನೋ ಕೀಬೋರ್ಡಿನವ, ಅವರ ಕಡೆಯ ವಾದ್ಯಗಳ ದನಿಯನ್ನು ಕೀಬೋರ್ಡಿನಿಂದಲೇ ಹೊರಡಿಸುತ್ತಿದ್ದ. ಮದುವೆಯಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟುಗಳು ನೂರಾರು. 2007ರಲ್ಲಿ ಅಮೆರಿಕದ ಒಂದು ಸಣ್ಣ ಲೇಬಲ್ಲು ಅವುಗಳಿಂದ ಆಯ್ದು ಒಂದು ಆಲ್ಬಂ ತಂದಿತು. 2013ರಲ್ಲಿ ಇಂಗ್ಲೆಂಡಿನ ಫೋರ್ ಟೆಟ್ ಅವನ 'ವೆನು ವೆನು' ಆಲ್ಬಮ್ಮನ್ನು ಪ್ರೊಡ್ಯೂಸ್ ಮಾಡಿದ. ಯುರೋಪಿನ ಸಂಗೀತೋತ್ಸವಗಳಲ್ಲಿ ಜನ ಕುಣಿದರು. ನಮ್ಮಲ್ಲೂ ಕೆಲವರು ಅವನ ವಿಡಿಯೋ ಹಂಚಿಕೊಂಡು 'ಅದ್ಭುತ' ಅಂದರು. ಅದ್ಭುತವೇ, ಹೌದು. ಅದೇ ಮಂದಿಗೆ ಅದೇ ಥರದ ಕೀಬೋರ್ಡು ಜಮಖಂಡಿ, ಮುಧೋಳ, ಅಥಣಿ ಕಡೆಯಿಂದ ಬಂದರೆ ಕಿವಿ ಮುಚ್ಚಬೇಕು ಅನ್ನಿಸುತ್ತದೆ. ಯಾಕೆ? ಭಾಷೆ ಅರ್ಥವಾಗುತ್ತದಲ್ಲ, ಅದಕ್ಕೇ ಇರಬೇಕು!

ತಕರಾರುಗಳು ನನಗೆ ಗೊತ್ತು. ಒಂದೊಂದಾಗಿ ಬರ್ರಿ.

ಮೊದಲನೆಯದು, ಇದು ಜಾನಪದವನ್ನು ಹಾಳು ಮಾಡುತ್ತಿದೆ. ಹಂಗಾದರೆ ಭಜನೆಯಲ್ಲಿ, ನಾಟಕ ಕಂಪನಿಯಲ್ಲಿ, ಪಾರಿಜಾತದಲ್ಲಿ ನಾವು 'ನಮ್ಮದು' ಅಂತ ಎದೆಗಪ್ಪಿಕೊಂಡಿರುವ ಹಾರ್ಮೋನಿಯಂ ಎಲ್ಲಿಂದ ಬಂತು? ಯುರೋಪಿನಿಂದ. ಅದು ನಮ್ಮ ಸಂಗೀತವನ್ನು ಕೆಡಿಸುತ್ತದೆ ಅಂತ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಡಲು ಶುರು ಮಾಡಿದ್ದು 1971ರಲ್ಲಿ. ಆ ಮೂವತ್ತು ವರ್ಷದಲ್ಲಿ ಹಳ್ಳಿಯ ಭಜನಾ ಮಂಡಳಿಯವರು ಹಾರ್ಮೋನಿಯಂ ಕಟ್ಟಿಟ್ಟು ಕೂತಿದ್ದರಾ? ಇಲ್ಲ. ಜನ ತಮಗೆ ಬೇಕಾದ ವಾದ್ಯ ತಾವೇ ಆರಿಸಿಕೊಳ್ಳುತ್ತಾರೆ. ನಾಳೆ ಕೀಬೋರ್ಡೂ ಹಳೇ ವಾದ್ಯ ಆಗುತ್ತದೆ. ಅದು ಹಾಳಾಯಿತಲ್ಲ ಅಂತ ಅಳೋರೂ ಹುಟ್ಟುತ್ತಾರೆ.

ಇನ್ನೊಂದು ನೋಡಿ. ಲಾವಣಿ, ಗೀಗೀ ಪದ, ಮೊಹರಮ್ಮಿನ ರಿವಾಯತ ಪದಗಳಲ್ಲಿ ಕೊನೆಯ ನುಡಿಗೆ ಕವಿಯ ಹೆಸರು, ಊರಿನ ಹೆಸರು ಬರುವ ರೂಢಿ ಇದೆ. ಈ ಡಿಜೆ ಹಾಡುಗಳಲ್ಲೂ ಎಷ್ಟೋ ಸಲ ಕೊನೆಯ ನುಡಿಯಲ್ಲಿ ಸಾಹಿತ್ಯ ಬರೆದವನ ಹೆಸರು, ಅವನ ಊರು, ಕೆಲವೊಮ್ಮೆ ಗೆಳೆಯರ ಹೆಸರೂ ಬರುತ್ತದೆ. ಅಂಕಿತ ಹಾಕುವ ಚಾಳಿ ಕಿಕ್ಕಿನ ಕೆಳಗೂ ಬದುಕಿದೆ ಅಂದಮೇಲೆ ಜಾನಪದ ಸತ್ತದ್ದು ಎಲ್ಲಿ?

ಎರಡನೆಯದು, ಆಟೋಟ್ಯೂನ್ ಅಂದರೆ ಮೋಸ, ಹಾಡಲು ಬಾರದವರ ಊರುಗೋಲು. ನಾನು ಸಾಫ್ಟ್‌ವೇರಿನವ, ಈ ತಕರಾರು ನನಗೆ ಬಹಳ ಇಷ್ಟ. ಆಟೋಟ್ಯೂನ್ ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಶೋಧನೆಯಲ್ಲಿ ಇದ್ದವನು. ಭೂಮಿಯೊಳಗೆ ಹೋಗಿ ಮರಳಿ ಬರುವ ಕಂಪನಗಳನ್ನು ಗಣಿತದಿಂದ ಓದುವ ಕೆಲಸ. ಆ ಅನುಭವವನ್ನೇ ದನಿಯ ಸ್ಥಾಯಿ ಹಿಡಿಯಲು ತಂದು 1997ರಲ್ಲಿ ಮಾರುಕಟ್ಟೆಗೆ ಬಿಟ್ಟ. ಮರುವರ್ಷವೇ ಶೇರ್ ಎಂಬ ಗಾಯಕಿ 'ಬಿಲೀವ್' ಹಾಡಿನಲ್ಲಿ ಅದನ್ನು ಬಚ್ಚಿಡದೆ, ದನಿ ಮುರಿಯುವ ಹಾಗೆ ಬಳಸಿದಳು. ಸ್ವರ ತಿದ್ದುವ ಸಾಧನ ಅಂದೇ ವಾದ್ಯವಾಯಿತು. ನಮ್ಮ ಕಡೆಯ ಹಾಡುಗಳಲ್ಲಿ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದ ಹಾಗೆ ಜಿಗಿಯುತ್ತದಲ್ಲ, ಅದು ಯಾರೂ ಬಚ್ಚಿಡುತ್ತಿರುವ ಗುಟ್ಟಲ್ಲ. ಟ್ರ್ಯಾಕ್ಟರ್ ಇಂಜಿನ್ನಿನ ಸದ್ದು ಸೀಳಿಕೊಂಡು ಕೇಳಬೇಕಾದ ದನಿ ಅದು.

ಮೂರನೆಯದು, ಗದ್ದಲ. ಒಪ್ಪಿದೆ. ಆದರೆ ಅದು ಸ್ಪೀಕರಿನ ತಪ್ಪು, ಹಾಡಿನದ್ದಲ್ಲ. ಅದಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಮನೆಗಳಿರುವ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮಲಗಿದ ಕೂಸು, ಹಾಸಿಗೆ ಹಿಡಿದ ಅಜ್ಜ, ಪರೀಕ್ಷೆಗೆ ಓದುವ ಹುಡುಗಿ... ಇವರ ಪರವಾಗಿ ಆ ನಿಯಮ ಜಾರಿ ಮಾಡಿ ಅಂತ ಬರೆಯಿರಿ, ನಾನೂ ಕೈಜೋಡಿಸುತ್ತೇನೆ. ಅದೇ ಸ್ಪೀಕರಿನಲ್ಲಿ ಬೀಥೋವನ್ ಹಚ್ಚಿದರೂ ಕೂಸು ಎದ್ದೇ ಏಳುತ್ತದೆ.

ನಾಲ್ಕನೆಯದು, ಸಾಹಿತ್ಯ ಕೆಟ್ಟದು. ಇದರಲ್ಲಿ ಹುರುಳಿದೆ. 'ಕೈಕೊಟ್ಟ ಹುಡುಗಿ' ಅನ್ನುವ ಒಂದೇ ಗೂಟಕ್ಕೆ ಸುತ್ತುವ ಹಾಡುಗಳು ಬೇಕಾದಷ್ಟಿವೆ. ಹುಡುಗಿಯನ್ನು ಬೈಯುವುದೇ ಪಲ್ಲವಿ ಆದಾಗ ನನಗೂ ಕೋಪ ಬರುತ್ತದೆ. ಇದರ ನಡುವೆ ಡ್ರೈವರಿಕೆ, ಕೂಲಿ, ಅವ್ವ ಅಪ್ಪ, ಊರು ಬಿಟ್ಟು ದುಡಿಯಲು ಹೋಗುವ ಸಂಕಟ, ಇವೂ ಬರುತ್ತವೆ. ಯಾವುದು ಜೊಳ್ಳು, ಯಾವುದು ಕಾಳು ಅಂತ ಆರಿಸಿ ಹೇಳೋರು ಯಾರು? ಅದಕ್ಕೆ ವಿಮರ್ಶೆ ಅಂತಾರೆ. ಭಾವಗೀತೆಗೆ ವಿಮರ್ಶಕರಿದ್ದಾರೆ, ಸಿನಿಮಾ ಹಾಡಿಗೆ ಇದ್ದಾರೆ. ಇವಕ್ಕೆ ಇರೋದು ಬೈಗಳು ಇಲ್ಲವೇ ಲೈಕು. ನಡುವಿನ ಜಾಗ ಪೂರ್ತಿ ಖಾಲಿ, ಮತ್ತು ಆ ಜಾಗ ನಮ್ಮದು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ.

ಮುಂಬೈಯ ಚರಣ್‌ಜಿತ್ ಸಿಂಗ್ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಎಲ್‌ಪಿ ತಂದರು. ಯಾರೂ ಕಿವಿಗೊಡಲಿಲ್ಲ. ಒಬ್ಬ ಡಚ್ ಸಂಗ್ರಾಹಕ ಅದನ್ನು ಮತ್ತೆ ಬಿಡುಗಡೆ ಮಾಡಿದ್ದು 2010ರಲ್ಲಿ. ಕೇಳಿದವರು ದಂಗಾದರು. ಶಿಕಾಗೋದ ಆಸಿಡ್ ಹೌಸ್ ಹುಟ್ಟುವ ಮುಂಚೆಯೇ ಹೆಚ್ಚುಕಡಿಮೆ ಅದೇ ನಾದ ಮುಂಬೈಯಲ್ಲಿ! 28 ವರ್ಷ ಬೇಕಾಯಿತು, ಅದೂ ಹೊರಗಿನವರು ಬರಬೇಕಾಯಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯದ್ದೂ ಇದೇ ಕಥೆ. 1969ರಲ್ಲೇ ಅಲ್ಲಿ ಮೂಗ್ ಸಿಂಥಸೈಜರ್ ಇತ್ತು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಮಾಡಿದ ಸಂಗೀತ ಎಲ್ಲರ ಕಿವಿಗೆ ಬಿದ್ದದ್ದು 2023ರಲ್ಲಿ. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದಿದ್ದಕ್ಕೆ ಬಚಾವ್.

ನಮ್ಮ ಕಡೆಯ ಹಾಡುಗಳಿಗೆ ಆ ಸಂಗ್ರಹವೂ ಇಲ್ಲ. ಚಾನೆಲ್ ಹ್ಯಾಕ್ ಆದರೆ, ಕಾಪಿರೈಟ್ ಸ್ಟ್ರೈಕ್ ಬಿದ್ದರೆ, ಮಾಲೀಕನಿಗೆ ಬೇಸರವಾಗಿ ಅಳಿಸಿದರೆ ಹಾಡುಗಳು ಒಂದೇ ದಿನಕ್ಕೆ ಮಾಯ. ಗಾಯಕನ ಹೆಸರು ದೊಡ್ಡದಾಗಿ ಇರುತ್ತದೆ, ಬರೆದವನ ಹೆಸರು ನುಡಿಯಲ್ಲಿ ಇರುತ್ತದೆ. ಆದರೆ ಆ ತಾಳ ಕಟ್ಟಿದವ, ಆ ಕೀಬೋರ್ಡಿನ ಜಾರು ಕಂಡುಕೊಂಡವ? ಎಷ್ಟೋ ಸಲ ಸ್ಟುಡಿಯೋದ ಹೆಸರಷ್ಟೇ. ಇದು ಬರೀ ಗೌರವದ ಮಾತಲ್ಲ, ಅನ್ನದ ಮಾತು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾಗಿ, ಸಾಹಿತ್ಯ ಬರೆದವರಿಗೂ ಸಂಗೀತ ಸಂಯೋಜಿಸಿದವರಿಗೂ ರಾಯಲ್ಟಿಯಲ್ಲಿ ಪಾಲು ಸಿಗಲೇಬೇಕು ಅಂತಾಯಿತು. ಹಕ್ಕು ಬರೆದುಕೊಟ್ಟ ಮೇಲೂ ಆ ಪಾಲು ಹೋಗುವುದಿಲ್ಲ. ಆದರೆ ಹೆಸರೇ ದಾಖಲಾಗದವನು ಯಾವ ಮುಖ ಇಟ್ಟುಕೊಂಡು ಪಾಲು ಕೇಳಬೇಕು?

ಅದಕ್ಕೇ ನಾನು ಕೇಳೋದು ಸಣ್ಣ ಕೆಲಸ. 'ಕನ್ನಡದಲ್ಲಿ ಇಂಡೀ ಇಲ್ಲ' ಅಂತ ಇನ್ನೊಂದು ಪೋಸ್ಟ್ ಹಾಕುವ ಬದಲು ತಿಂಗಳಿಗೆ ಒಂದೇ ಒಂದು ಹೊಸ ಹಾಡು ಕೇಳಿ, ಅದರ ಬಗ್ಗೆ ಬರೆಯಿರಿ. ಬಿಡುಗಡೆಯ ದಿನ, ಹಾಡಿದವರು, ಬರೆದವರು, ಕೀಬೋರ್ಡು ಮತ್ತು ತಾಳ ಯಾರದ್ದು, ಸ್ಟುಡಿಯೋ ಯಾವ ಊರಿನದ್ದು. ವಿವರ ಸಿಗದಿದ್ದರೆ ಆ ಚಾನೆಲ್ಲಿನವರನ್ನೇ ಕೇಳಿ, ಎಷ್ಟೋ ಜನ ವಿಡಿಯೋದಲ್ಲೇ ಫೋನ್ ನಂಬರ್ ಕೊಟ್ಟಿರುತ್ತಾರೆ! ಹಾಡು ಚೆನ್ನಾಗಿದ್ದರೆ ಯಾಕೆ ಚೆನ್ನಾಗಿದೆ ಅಂತ ಹೇಳಿ, ಕೆಟ್ಟದಾಗಿದ್ದರೆ ಯಾಕೆ ಅಂತ ಬೈಯಿರಿ. ಹೆಸರು ಹಿಡಿದು ಬೈದರೂ ಪರವಾಗಿಲ್ಲ, ಹೆಸರಾದರೂ ಉಳಿಯುತ್ತದೆ.

ಇದೇ ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ ಸಂಗೀತದ ಹುಚ್ಚು ಎಷ್ಟಿತ್ತು ಅಂದರೆ, ದಖನಿಯಲ್ಲಿ 'ಕಿತಾಬ್-ಎ-ನೌರಸ್' ಬರೆದು ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ. ತೊರವಿಯ ಹತ್ತಿರ ನೌರಸಪುರ ಅಂತ ಊರನ್ನೇ ಕಟ್ಟಲು ಹೊರಟ. ಅವನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿತ್ತು. 400 ವರ್ಷದ ಮೇಲೂ ಅದು ನಮಗೆ ಗೊತ್ತಿದೆ, ಯಾಕೆಂದರೆ ಯಾರೋ ಬರೆದಿಟ್ಟರು. ಬಾದಶಹನ ತಂಬೂರಿಯ ಹೆಸರು ಗೊತ್ತಿರುವ ನಮಗೆ, ನಿನ್ನೆ ಮೆರವಣಿಗೆಯಲ್ಲಿ ಸಾವಿರ ಜನರನ್ನು ಕುಣಿಸಿದ ಹಾಡಿಗೆ ತಾಳ ಕಟ್ಟಿದ ಹುಡುಗನ ಹೆಸರು ಗೊತ್ತಿಲ್ಲ.

ಏನಂತೀರಿ? ಬೈಯೋರಿಗೂ ಸ್ವಾಗತ. ಆದರೆ ಬೈಯುವ ಮುಂಚೆ ಒಂದು ಹಾಡು ಪೂರ್ತಿ ಕೇಳಿ, ಅದರ ಹೆಸರು ಹೇಳಿ ಬೈಯಿರಿ.