ಸೇವೆಯ ಹೆಸರೂ ದುಡಿಮೆಯ ಬೆಲೆಯೂ

ಶರಾವತಿಯ ಹಿನ್ನೀರಿನಾಚೆಯ ತುಮರಿ ಸೀಮೆಗೆ 2025ರ ಜುಲೈ 14ರಂದು ಸೇತುವೆ ದೊರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಆ ಜನರು ಹೊಳೆ ದಾಟಲು ಲಾಂಚನ್ನೇ ನಂಬಬೇಕಾಗಿದ್ದಿತು; ಸಂಜೆ ಲಾಂಚು ನಿಂತ ಬಳಿಕ ಹೆರಿಗೆಯ ನೋವು ತೋರಿದರೆ ಸಾಗರವನ್ನು ಸೇರುವ ಬಗೆ ಹೇಗೆಂಬ ಚಿಂತೆ ಅಲ್ಲಿ ಮನೆಮನೆಯದೂ ಆಗಿದ್ದಿತು. ಆ ಚಿಂತೆ ತೀರಿದುದು ಸಂತೋಷದ ವಿಷಯವೇ ಸರಿ. ಆದರೆ ಸೇತುವೆ ಇಳಿದ ಮೇಲೆ, ತೋಟಕ್ಕೊಂದು ಗುಡ್ಡಕ್ಕೊಂದರಂತೆ ಚೆದುರಿದ ಮನೆಗಳ ಕಾಲುದಾರಿ ಹಿಂದಿದ್ದಂತೆಯೇ ಇದೆ. ಅದನ್ನು ತುಳಿಯುವವರು ಆಶಾ ಕಾರ್ಯಕರ್ತೆಯರು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಇವರನ್ನು ನೇಮಿಸಿಕೊಳ್ಳಲು ತೊಡಗಿದಾಗ ಸ್ವಯಂಸೇವಕಿಯರೆಂದು ಕರೆಯಿತು. ಗರ್ಭಿಣಿಯ ಪಟ್ಟಿ, ಮಗುವಿನ ಚುಚ್ಚುಮದ್ದು, ಕ್ಷಯರೋಗಿಯ ಔಷಧಿ, ಜ್ವರದ ಸಮೀಕ್ಷೆ ಇವೆಲ್ಲವೂ ಅವರ ಪಾಲಿಗೆ ಬಂದಿವೆ. ಆಜ್ಞೆ ಹೊರಡುವಾಗ ಅವರು ನೌಕರರು, ಹಣ ಕೊಡುವಾಗ ಸ್ವಯಂಸೇವಕಿಯರು! ಸೇವೆಯ ಮಹತ್ವವನ್ನು ಅರಿಯದವರು ನಾವಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಡಾ. ಹರ್ಡೀಕರರ ಸೇವಾದಳದವರು ದುಡಿದುದನ್ನು ಕನ್ನಡಿಗರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಆದರೆ ಅಧಿವೇಶನ ಮುಗಿದೊಡನೆ ಅವರು ತಮ್ಮ ತಮ್ಮ ಮನೆಗೆ ಮರಳಿದರು. ವರ್ಷದ ಹನ್ನೆರಡು ತಿಂಗಳೂ ಗುರಿ ಗೊತ್ತುಮಾಡಿ, ವರದಿ ಕೇಳಿ, ತಪ್ಪಿದರೆ ಗದರಿಸುವ ಕೆಲಸಕ್ಕೆ ಅದೇ ಹೆಸರನ್ನಿಡುವುದು ನ್ಯಾಯವೆನಿಸದು.

ಪ್ರೋತ್ಸಾಹಧನದ ಲೆಕ್ಕವನ್ನು ನೋಡಿರಿ. ಅದು ಕೆಲಸಕ್ಕಿಷ್ಟೆಂದು ಗೊತ್ತಾಗಿದೆ. ಒತ್ತಾಗಿ ಮನೆಗಳಿರುವ ಬಯಲುಸೀಮೆಯ ಊರಿನಲ್ಲಿ ಒಂದು ಬೆಳಗಿನಲ್ಲಿ ಮುಗಿಯುವ ಭೇಟಿಗಳಿಗೆ ಮಲೆನಾಡಿನಲ್ಲಿ ಎರಡು ದಿನ ಬೇಕು. ಕೈಗೆ ಬರುವ ಹಣ ಮಾತ್ರ ಒಂದೇ. ಸಾವಿರ ಜನಕ್ಕೊಬ್ಬರೆಂಬ ನಿಯಮವನ್ನು ಗುಡ್ಡಗಾಡಿನಲ್ಲಿ ಸಡಿಲಿಸಲು ಅವಕಾಶವಿದೆ, ನಿಜ. ಆದರೆ ಜನ ಕಡಮೆಯಾದಷ್ಟೂ ಹೆರಿಗೆಗಳೂ ಕಡಮೆ, ಪ್ರೋತ್ಸಾಹಧನವೂ ಕಡಮೆ. ಇದರ ಮೇಲೆ, ಮಾಡಿದ ಕೆಲಸ ಪೋರ್ಟಲಿನಲ್ಲಿ ದಾಖಲಾಗದಿದ್ದರೆ ಹಣವಿಲ್ಲ. ದೂರವಾಣಿಯ ಸಂಪರ್ಕಕ್ಕಾಗಿಯೇ ಜನರು ಹೋರಾಡಬೇಕಾಗಿ ಬಂದ ಸೀಮೆಗೆ ಈ ನಿಬಂಧನೆಯನ್ನು ವಿಧಿಸಿದವರು ಅಲ್ಲಿ ಒಂದು ದಿನವಾದರೂ ತಂಗಿದ್ದರೇ?

ಮಂಗನ ಕಾಯಿಲೆಯ ಕಾಲದಲ್ಲಿ ಇವರ ಹೊರೆ ಇಮ್ಮಡಿಯಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡನ್ನು ಕಂಗೆಡಿಸಿತು. ಕಾಡಿಗೆ ಹೋಗುವವರಿಗೆ ಡೇಪಾ ತೈಲವನ್ನು ಹಂಚುವುದು, ಸತ್ತ ಮಂಗನ ಸುದ್ದಿಯನ್ನು ತಲುಪಿಸುವುದು, ಜ್ವರ ಬಂದವರನ್ನು ಆಸ್ಪತ್ರೆಗೆ ಹೊರಡಿಸುವುದು, ಇವೆಲ್ಲಕ್ಕೂ ಆ ಕಾಡಿನಂಚಿನ ಹಾದಿಯಲ್ಲೇ ನಡೆಯಬೇಕು. ಉಣುಗು ಕಚ್ಚುವಾಗ ಇವರು ಸ್ವಯಂಸೇವಕಿಯರೋ ನೌಕರರೋ ಎಂದು ವಿಚಾರಿಸುವುದಿಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಅದೇ ಮಹಿಳೆಯರು 15,000 ರೂಪಾಯಿಗಳ ಮಾಸಿಕ ಗೌರವಧನವನ್ನು ಕೇಳುತ್ತ ಬೆಂಗಳೂರಿನ ಚಳಿಯಲ್ಲಿ ಹಗಲಿರುಳೂ ಕುಳಿತರು. ಏಪ್ರಿಲಿನಿಂದ ಕನಿಷ್ಠ 10,000 ರೂಪಾಯಿಗಳೆಂಬ ಆಶ್ವಾಸನೆಯನ್ನು ಪಡೆದು ಎದ್ದರು. ಬೊಕ್ಕಸದ ಕಷ್ಟವನ್ನು ನಾವು ಬಲ್ಲೆವು. ಆದರೂ ಕೊಡುವುದನ್ನು ಗೊತ್ತಾದ ತಾರೀಖಿನಂದು ಕೊಡಲು, ನಡೆದ ದೂರಕ್ಕೆ ಭತ್ಯವನ್ನು ಸೇರಿಸಲು, ಪೋರ್ಟಲು ಕೈಕೊಟ್ಟಲ್ಲಿ ಕಾಗದದ ದಾಖಲೆಯನ್ನು ಒಪ್ಪಲು ದೊಡ್ಡ ಬೊಕ್ಕಸವೇನೂ ಬೇಡ. ಜಿಲ್ಲೆಯ ಅಧಿಕಾರಿಗಳು ಕಾಯಿಲೆಯ ಕಾಲ ಬರುವ ಮೊದಲೇ ತುಮರಿಯಲ್ಲಿ ಒಂದು ದಿನ ಕುಳಿತು ಈ ಹೆಣ್ಣುಮಕ್ಕಳ ಅಹವಾಲನ್ನು ಕೇಳಲಿ. ಲಾಂಚಿಗೆ ಕಾಯಬೇಕೆಂಬ ನೆಪವೂ ಈಗ ಉಳಿದಿಲ್ಲ.